ತಂತಿಯೊಳಗಿನ ಗದ್ದಲ

ಶಬ್ದವು ಆಕಾಶದ ಗುಣವೆಂಬದು ನಮ್ಮ ತಾರ್ಕಿಕರ ಮತ. ಅದು ಧ್ವನಿರೂಪವೆಂದೂ ವರ್ಣರೂಪವೆಂದೂ ಎರಡು ಬಗೆಯಾಗಿರುವದು. ಭೇರಿಯನ್ನು ಬಾರಿಸಿದಾಗ ಹುಟ್ಟುವದು ಧ್ವನಿ, ಮನುಷ್ಯನು ಬಾಯ್ದೆರೆದು ಆಡುವದು ವರ್ಣ. ಬಾಲ್ಯದಲ್ಲಿ ಪಾಠಶಾಲೆಯ ಕಂಬಕ್ಕೊರಗಿ ಇದನ್ನು ಉರುಹೊಡೆದವನು ನಾನು. ಮೈಸೂರಿನಲ್ಲಿ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ರೇಡಿಯೋ ಪ್ರಸಾರವನ್ನು ಆರಂಭಿಸಿದಾಗ ಅದಕ್ಕೆ 'ಆಕಾಶವಾಣಿ' ಎಂಬ ಹೆಸರು ಬಂದಿತು. ಮುಂದೆ ಅದೇ ಹೆಸರು ಇಡಿಯ ದೇಶದ ಪ್ರಸಾರ ಸಂಸ್ಥೆಗೆ ನಿಂತಿತು. ತಾರ್ಕಿಕರ ಮತಕ್ಕೆ ಇಷ್ಟು ಒಪ್ಪುವ ಹೆಸರು ಮತ್ತೊಂದು ಸಿಗಲಾರದೆಂದು ನನಗೆ ಅನೇಕ ಸಲ ಅನಿಸಿದೆ.

ಆದರೆ ಈ ಲೇಖನದಲ್ಲಿ ನಾನು ವಾಚಕರಿಗೆ ಹೇಳಹೊರಟದ್ದು ಧ್ವನಿಯೂ ಅಲ್ಲದ, ವರ್ಣವೂ ಅಲ್ಲದ ಇನ್ನೊಂದು ಬಗೆಯ ಶಬ್ದದ ಸಂಗತಿಯನ್ನು. ಅದು ಕಿವಿಗೆ ಕೇಳಿಸದು, ಕಣ್ಣಿಗೆ ಕಾಣದು. ಮನೆಯ ದೀಪ, ಫೋನಿನ ಚಾರ್ಜರು, ಗಣಕಯಂತ್ರ ಮೊದಲಾದವುಗಳ ಹೊಟ್ಟೆಯಲ್ಲಿ ಹುಟ್ಟಿ, ಅವಕ್ಕೆ ವಿದ್ಯುತ್ತನ್ನು ತರುವ ತಂತಿಯನ್ನೇ ಹಿಡಿದು ಹಿಮ್ಮುಖವಾಗಿ ಹೊರಟು, ಗೋಡೆಯೊಳಗಿನ ತಂತಿಗಳನ್ನೆಲ್ಲ ವ್ಯಾಪಿಸಿ, ಒಮ್ಮೊಮ್ಮೆ ನೆರೆಮನೆಯನ್ನೂ ಹೊಗುವದು. ವಿದ್ಯುತ್ ಶಾಸ್ತ್ರಜ್ಞರು ಇದನ್ನು ಗದ್ದಲವೆಂದೇ ಕರೆಯುತ್ತಾರೆ. ತಂತಿಯಲ್ಲಿ ಹರಿಯುವದಾದ್ದರಿಂದ ನಾನು ತಂತಿಗದ್ದಲವೆನ್ನುವೆನು.

ನಮ್ಮ ಅಡರಕಟ್ಟಿಯು ಲಕ್ಷ್ಮೇಶ್ವರ ತಾಲೂಕಿನ ಒಂದು ಒಕ್ಕಲುತನದ ಊರು. ನೆಟ್ಟಗೆ ಗೆರೆಯೆಳೆದರೆ ಇಲ್ಲಿಂದ ಧಾರವಾಡವು ಸುಮಾರು 60 ಕಿಲೋಮೀಟರು. ಧಾರವಾಡದ ಆಕಾಶವಾಣಿ ನಿಲಯವು 1950ರ ಜನವರಿ 8ರಂದು ಆರಂಭವಾಯಿತು. ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್ಲ, ಬಸವರಾಜ ರಾಜಗುರು ಇಂಥವರ ಕಂಠವು ಹಳ್ಳಿಹಳ್ಳಿಯ ಪಡಸಾಲೆಗೆ ಬಂದದ್ದು ಈ ನಿಲಯದ ದೆಸೆಯಿಂದ. ಅದರ ಮಧ್ಯಮ ತರಂಗದ ಸ್ಥಾನವು 765 ಕಿಲೋಹರ್ಟ್ಸ್. ಅಂದರೆ ಸೆಕೆಂಡಿಗೆ 7 ಲಕ್ಷ 65 ಸಾವಿರ ಕಂಪನಗಳು. ಈ ಅಂಕೆಯನ್ನು ವಾಚಕರು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುವದು.

ನನ್ನ ಅಕ್ಕನಿಗೆ ಎಪ್ಪತ್ತೆರಡು ವರ್ಷ. ಗ್ಲಾಕೋಮಾ ಎಂಬ ರೋಗದಿಂದ ಅವಳ ಎರಡೂ ಕಣ್ಣುಗಳ ದೃಷ್ಟಿ ಹೋಗಿ ಹನ್ನೊಂದು ವರ್ಷಗಳಾದವು. ಓಣಿಯ ಆಚೆ ಬದಿಯಲ್ಲಿ ತನ್ನ ಮಗನ ಮನೆಯಲ್ಲಿ ಇರುತ್ತಾಳೆ. ಕಣ್ಣಿದ್ದವರಿಗೆ ಟೆಲಿವಿಜನ್ನು, ಪತ್ರಿಕೆ, ಬಾಗಿಲಲ್ಲಿ ಹೋಗಿಬರುವವರ ಮುಖ, ಇವೆಲ್ಲ ಉಂಟು. ಅವಳಿಗೆ ಉಳಿದದ್ದು ಕೈಯಳತೆಯಲ್ಲಿ ಇರಿಸಿಕೊಂಡ ಒಂದು ರೇಡಿಯೋ ಪೆಟ್ಟಿಗೆ. ಹೊತ್ತು ಎಷ್ಟಾಯಿತೆಂಬದನ್ನು ಸಹ ಅವಳು ಗಡಿಯಾರದಿಂದಲ್ಲ, ಕಾರ್ಯಕ್ರಮದಿಂದ ತಿಳಿಯುತ್ತಿದ್ದಳು. ವಾರ್ತೆ ಮುಗಿಯಿತೆಂದರೆ ಗುಳಿಗೆ ನುಂಗುವ ಹೊತ್ತು; ರೈತರ ಕಾರ್ಯಕ್ರಮ ಬಂದಿತೆಂದರೆ ದನಗಳು ಮನೆಗೆ ಬರುವ ಹೊತ್ತು.

2022ನೆಯ ಇಸವಿಯ ಮಳೆಗಾಲದಲ್ಲಿ ಆ ಪೆಟ್ಟಿಗೆಗೆ ಉಪದ್ರವ ಹತ್ತಿತು. ಹೊತ್ತು ಮುಳುಗಿದೊಡನೆ ಧಾರವಾಡದ ಮಾತೆಲ್ಲ ಅಡಗಿಹೋಗಿ, ಜೇನುಹುಳಗಳ ಹಿಂಡು ಎದ್ದಂತೆ ಒಂದೇ ಸಮನೆ ಗುಂಯ್‌ಗುಡುವ ಸದ್ದು ತುಂಬಿಕೊಳ್ಳುತ್ತಿತ್ತು. ರಾತ್ರಿ ಎಲ್ಲರೂ ಮಲಗಿದ ಮೇಲೆ ತಾನಾಗಿ ನಿಲ್ಲುತ್ತಿತ್ತು. ಆದರೆ ಆಗ ಪ್ರಸಾರವೂ ಮುಗಿಯುವ ಹೊತ್ತು. ಪೆಟ್ಟಿಗೆ ಕೆಟ್ಟಿತೆಂದು ಬೇರೆ ಪೆಟ್ಟಿಗೆ ತಂದರು. ಅದರಲ್ಲಿಯೂ ಅದೇ ಪಾಡು. ಅಕ್ಕ ಯಾರನ್ನೂ ದೂರಲಿಲ್ಲ. ಸಂಜೆಯಾಯಿತೆಂದರೆ ರೇಡಿಯೋವನ್ನು ಮುಚ್ಚಿ ಗೋಡೆಗೆ ಮುಖಮಾಡಿ ಮಲಗಹತ್ತಿದಳು. ಒಂದೆರಡು ತಿಂಗಳಲ್ಲಿ ಅವಳಿಗೆ ಹಗಲು ಯಾವದು, ರಾತ್ರಿ ಯಾವದು ಎಂಬ ಎಣಿಕೆ ತಪ್ಪತೊಡಗಿತು. ನಡುರಾತ್ರಿಯಲ್ಲಿ ಎದ್ದು ಸೊಸೆಯನ್ನು ಕರೆದು ಚಹ ಕೇಳುವಳು.

ಮನೆಯವರ ಗುಮಾನಿಯು ಮಗ್ಗುಲ ಗೋಡೆಯಾಚೆಯ ಹಿಟ್ಟಿನ ಗಿರಣಿಯ ಮೇಲೆ ಬಿದ್ದಿತು. ಕೂಲಿಯವರು ಹೊಲದಿಂದ ಮರಳಿದ ಮೇಲೆಯೇ ಬೀಸಲಿಕ್ಕೆ ತರುವದರಿಂದ ಆ ಗಿರಣಿ ಸಂಜೆ ಆರರಿಂದ ಒಂಬತ್ತರ ವರೆಗೆ ಭರದಿಂದ ನಡೆಯುವದು. ರೇಡಿಯೋದ ಉಪದ್ರವವೂ ಸಂಜೆಯೇ. ಸಾಲದ್ದಕ್ಕೆ, ಗಿರಣಿಯ ಬೆಲ್ಟಿನ ಸದ್ದು ಓಣಿಗೆಲ್ಲ ಕೇಳುವಂಥದು. ಇಷ್ಟು ಸಾಕಾಯಿತು. ನನ್ನ ಸೋದರಳಿಯನು ಗಿರಣಿಯ ಯಜಮಾನನಿಗೆ ನಾಲ್ಕು ಮಾತು ಅಂದನು. ಅವನು ಎಂಟು ಮಾತು ತಿರುಗಿಸಿದನು. ನಾಲ್ಕು ತಲೆಮಾರು ಒಬ್ಬರ ಮನೆಯ ಹೋಳಿಗೆ ಇನ್ನೊಬ್ಬರ ಮನೆಗೆ ಹೋದ ಬಳಕೆ ನಿಂತು, ಜೋಳವನ್ನು ಲಕ್ಷ್ಮೇಶ್ವರಕ್ಕೆ ಒಯ್ದು ಬೀಸಿಸಿಕೊಂಡು ಬರುವ ಹಟಕ್ಕೆ ಬಂದಿತು.

ನನಗೆ ಈ ಗುಮಾನಿಯು ಮೊದಲಿನಿಂದಲೂ ರುಚಿಸಲಿಲ್ಲ. ತರ್ಕದಲ್ಲಿ ಒಂದು ವಸ್ತುವು ಮತ್ತೊಂದಕ್ಕೆ ಕಾರಣವೆನ್ನಬೇಕಾದರೆ ಎರಡು ತೋರಬೇಕು: ಇದು ಇದ್ದಲ್ಲಿ ಅದು ಇರುವದು, ಅದು ಅನ್ವಯ, ಇದು ಇಲ್ಲದಲ್ಲಿ ಅದು ಇಲ್ಲದಿರುವದು, ಅದು ವ್ಯತಿರೇಕ. ಅಳಿಯನ ಬಳಿ ಅನ್ವಯವಿದ್ದಿತು. ವ್ಯತಿರೇಕವನ್ನು ಯಾರೂ ನೋಡಿರಲಿಲ್ಲ. ನಾನು ಮೂರು ಸಂಜೆ ಅಕ್ಕನ ಮಗ್ಗುಲಲ್ಲಿ ಗಡಿಯಾರವಿಟ್ಟುಕೊಂಡು ಕುಳಿತೆ. ಗಿರಣಿಯು ಒಂಬತ್ತಕ್ಕೆ ನಿಂತಿತು. ರೇಡಿಯೋದ ಗುಂಯ್‌ಗಾರವು ಹತ್ತೂವರೆಯ ವರೆಗೂ ನಡೆಯಿತು. ಮೂರನೆಯ ದಿನ ಅಮಾವಾಸ್ಯೆ. ಗಿರಣಿಯ ಬಾಗಿಲು ತೆರೆಯಲೇ ಇಲ್ಲ, ಆದರೂ ಗದ್ದಲವು ಕೂದಲಷ್ಟೂ ತಗ್ಗಲಿಲ್ಲ. ಹೇತುವಿಗೆ ವ್ಯಭಿಚಾರ ಬಂದಿತೆಂದು ಪಾಠಶಾಲೆಯಲ್ಲಿ ಹೇಳುತ್ತಿದ್ದುದು ಇದಕ್ಕೇ.

ಇನ್ನೂ ಒಂದು ಮಾತುಂಟು. ಗಿರಣಿಗೆ ಹಾಕುವ ಮೋಟಾರಿನಲ್ಲಿ ತಿರುಗುವ ಭಾಗಕ್ಕೆ ಸಾಮಾನ್ಯವಾಗಿ ತಂತಿಯ ಸಂಪರ್ಕವೇ ಇರುವದಿಲ್ಲ. ಕಿಡಿ ಹಾರಲು ಎಡೆಯಿಲ್ಲ. ಅದನ್ನು ಚಾಲೂ ಮಾಡುವಾಗ ಒಂದು 'ಟಕ್' ಕೇಳಿಸೀತು, ಅಷ್ಟೇ. ಅದೇ ಅಡಿಗೆಮನೆಯ ಮಿಕ್ಸರನ್ನು ನೋಡಿರಿ. ಅದರೊಳಗೆ ಇದ್ದಿಲಿನ ಎರಡು ತುಂಡುಗಳು ತಿರುಗುವ ತಾಮ್ರದ ಬಿಲ್ಲೆಗಳನ್ನು ಉಜ್ಜುತ್ತ ಕ್ಷಣಕ್ಕೆ ನೂರು ಕಿಡಿ ಹಾರಿಸುತ್ತವೆ. ಚಟ್ನಿ ಅರೆಯುವ ಎರಡು ನಿಮಿಷ ರೇಡಿಯೋ ಸತ್ತಂತೆಯೇ. ಕಿವಿಗೆ ಗಲಾಟೆ ಮಾಡುವದೇ ರೇಡಿಯೋಕ್ಕೂ ಗಲಾಟೆ ಮಾಡೀತೆಂದು ಎಣಿಸುವದು ಸಹಜವಾದರೂ ಅದರಲ್ಲಿ ಹುರುಳಿಲ್ಲ. ತುಟಿಪಿಟಕ್ಕೆನ್ನದೆ ಬೆಳಗುವ ದೀಪವು ಬೆಲ್ಟು ಬಡಿಯುವ ಗಿರಣಿಗಿಂತ ನೂರು ಪಾಲು ಗದ್ದಲಗಾರನಾಗಿರಬಹುದು.

ಅದು ಹೇಗೆಂಬದನ್ನು ತುಸು ಬಿಡಿಸಿ ಹೇಳುವೆನು. ಮನೆಗೆ ಬರುವ ವಿದ್ಯುತ್ತು 230 ವೋಲ್ಟಿನದು; ಸೆಕೆಂಡಿಗೆ 50 ಸಲ ಹಿಂದುಮುಂದಾಗಿ ಹರಿಯುವದು. ಫೋನಿಗೆ ಬೇಕಾದದ್ದು ಒಮ್ಮುಖವಾದ 5 ವೋಲ್ಟಿನ ಆಸುಪಾಸು. ಹಿಂದಿನ ಕಾಲದಲ್ಲಿ ಇದಕ್ಕೆ ಕಬ್ಬಿಣದ ತಗಡುಗಳ ಮೇಲೆ ತಂತಿ ಸುತ್ತಿದ ಭಾರವಾದ ಟ್ರಾನ್ಸ್‌ಫಾರ್ಮರನ್ನು ಬಳಸುತ್ತಿದ್ದರು. ಈಗಿನ ಚಾರ್ಜರು ಅಂಗೈಯಲ್ಲಿ ಅಡಗುವದರ ರಹಸ್ಯವೇನೆಂದರೆ, ಅದು ಬಂದ ವಿದ್ಯುತ್ತನ್ನು ಮೊದಲು ಸುಮಾರು 325 ವೋಲ್ಟಿನ ಒಮ್ಮುಖ ವಿದ್ಯುತ್ತಾಗಿ ಮಾಡಿಕೊಂಡು, ಅದನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ಕತ್ತರಿಸುತ್ತದೆ. ಕತ್ತರಿಸುವ ವೇಗ ಹೆಚ್ಚಿದಷ್ಟೂ ಟ್ರಾನ್ಸ್‌ಫಾರ್ಮರು ಚಿಕ್ಕದಾಗುವದು. ಎಲ್‌ಇಡಿ ಬಲ್ಬಿನ ತಳದಲ್ಲಿರುವದೂ, ಟೆಲಿವಿಜನ್ನಿನೊಳಗಿರುವದೂ ಇದೇ ಬಗೆಯ ಕತ್ತರಿ.

ಈಗ ತಂಬೂರಿಯನ್ನು ನೆನೆಯಿರಿ. ಒಂದು ತಂತಿಯನ್ನು ಮೀಟಿದರೆ ಮೂಲಸ್ವರದ ಸಂಗಡ ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಎತ್ತರದ ಉಪಸ್ವರಗಳೂ ಏಳುತ್ತವೆ. ವಿದ್ಯುತ್ತನ್ನು ಥಟ್ಟನೆ ಕತ್ತರಿಸಿದಾಗಲೂ ಹಾಗೆಯೇ ಆಗುವದು. ಕತ್ತರಿಯು ಹರಿತವಾದಷ್ಟೂ ಉಪಸ್ವರಗಳು ಹೆಚ್ಚು ದೂರ ಹೋಗುವವು. ಒಂದು ಬಲ್ಬು ಸೆಕೆಂಡಿಗೆ 51 ಸಾವಿರ ಸಲ ಕತ್ತರಿಸುವದೆಂದು ಇಟ್ಟುಕೊಳ್ಳಿರಿ. ಅದರ ಹದಿನೈದನೆಯ ಉಪಸ್ವರವೆಷ್ಟು? 51ನ್ನು 15ರಿಂದ ಗುಣಿಸಿದರೆ 765. ಧಾರವಾಡದ ಗದ್ದುಗೆಯ ಮೇಲೆಯೇ ಬಂದು ಕುಳಿತಂತಾಯಿತು! ಅಗ್ಗದ ಯಂತ್ರದ ಕತ್ತರಿಯ ವೇಗವು ಒಂದೇ ಕಡೆ ನಿಲ್ಲದೆ ಅತ್ತಿತ್ತ ತೂಗಾಡುವದರಿಂದ ಅದು ಒಂದು ಸ್ಥಾನವನ್ನಷ್ಟೇ ಅಲ್ಲ, ಅಕ್ಕಪಕ್ಕವನ್ನೂ ಕೆಡಿಸುವದು.

ಗದ್ದಲವೆಲ್ಲ ಒಂದೇ ದನಿಯದಲ್ಲ. ಕಿವಿಗೊಟ್ಟು ಕೇಳಿದರೆ ಅದು ತನ್ನ ಕುಲವನ್ನು ತಾನೇ ಹೇಳುವದು. ಚಟಚಟನೆ ಹೊತ್ತುಗೊತ್ತಿಲ್ಲದೆ ಸಿಡಿಯುವದು ದೂರದ ಮಿಂಚು; ಅದಕ್ಕೆ ಯಾರ ಮನೆಯನ್ನೂ ದೂರಬೇಕಾಗಿಲ್ಲ. ಸೆಕೆಂಡಿಗೊಮ್ಮೆ ಟಕ್, ಟಕ್ ಎಂದು ನಿಯಮದಿಂದ ಬಡಿಯುವದು ಹಂದಿಯ ಕಾಟಕ್ಕೆ ಹೊಲದ ಸುತ್ತ ಹಾಕಿದ ಝಟಕಾ ಬೇಲಿಯದಿರಬಹುದು. ಫ್ಯಾನಿನ ರೆಗ್ಯುಲೇಟರನ್ನು ತಿರುಗಿಸಿದಂತೆ ಬದಲಾಗುವ ಕರ್ಕಶವಾದ ಬರ್ರೆನ್ನುವ ಸದ್ದು ಆ ರೆಗ್ಯುಲೇಟರಿನದೇ. ಬೇಸಿಗೆಯಲ್ಲಿ ಹೆಚ್ಚಿ, ಜೋರು ಮಳೆ ಬಂದೊಡನೆ ತೊಳೆದು ಹೋದಂತೆ ನಿಲ್ಲುವದು ಕಂಬದ ಮೇಲಿನ ಸಡಿಲಾದ ಜೋಡಣೆಯದಾಗಿರುವ ಸಂಭವ ಹೆಚ್ಚು. ಅಕ್ಕನ ಪೆಟ್ಟಿಗೆಯಲ್ಲಿ ಕೇಳಿದ್ದು ಇವಾವವೂ ಅಲ್ಲ. ಒಂದೇ ಸಮನಾದ ಗುಂಯ್‌ಗಾರ. ಅದರೊಳಗೆ ಸೆಕೆಂಡಿಗೆ 100ರಂತೆ ನಡುಗುವ ತಳದನಿ. 50 ಕಂಪನಗಳ ವಿದ್ಯುತ್ತನ್ನು ಒಮ್ಮುಖ ಮಾಡಿಕೊಳ್ಳುವ ಯಂತ್ರಗಳು ಕೊಡುವ ದನಿ ಅದು.

ಹಾಗಾದರೆ ಯಾವ ಯಂತ್ರ? ಇಲ್ಲಿಯೇ ಬುದ್ಧಿವಂತರೂ ಎಡವುವರು. ಅಳಿಯನು ಸುಮ್ಮನೆ ಕುಳಿತವನಲ್ಲ; ಒಂದು ದಿನ ಚಾರ್ಜರನ್ನು ಕಿತ್ತು ನೋಡಿದ್ದನು, ಗದ್ದಲವು ಹಾಗೆಯೇ ಇದ್ದಿತು. ಅದನ್ನು ಮರಳಿ ಹಾಕಿ, ಮಾರನೆಯ ದಿನ ಬಲ್ಬನ್ನು ಆರಿಸಿ ನೋಡಿದನು, ಆಗಲೂ ಇದ್ದಿತು. ಎರಡೂ ನಿರ್ದೋಷಿಗಳೆಂದು ತೀರ್ಮಾನಿಸಿ ಗಿರಣಿಯ ಕಡೆಗೆ ತಿರುಗಿದನು. ಆದರೆ ತರಗತಿಯಲ್ಲಿ ಮೂವರು ಹುಡುಗರು ಒಟ್ಟಿಗೆ ಗಲಾಟೆ ಮಾಡುತ್ತಿರುವಾಗ ಒಬ್ಬನನ್ನು ಹೊರಗೆ ಕಳುಹಿದರೆ ಗಲಾಟೆ ನಿಂತೀತೇ? ಸಮಬಲದ ಎರಡು ಗದ್ದಲಗಳು ಕೂಡಿದಾಗ ಒಂದನ್ನು ತೆಗೆದರೆ ಉಳಿಯುವದು ಬಲದಲ್ಲಿ ಅರ್ಧ. ಕಿವಿಗೆ ಮಾತ್ರ ಆ ಇಳಿತವು ತೋರಿಯೂ ತೋರದಷ್ಟು. ಸಾಲದ್ದಕ್ಕೆ ರೇಡಿಯೋ ಪೆಟ್ಟಿಗೆಯು ತನ್ನ ದನಿಯನ್ನು ತಾನೇ ಏರಿಳಿಸಿಕೊಂಡು ಆ ವ್ಯತ್ಯಾಸವನ್ನು ಇನ್ನೂ ಮರೆಮಾಡುವದು. ಆದುದರಿಂದ ಎಲ್ಲವೂ ನಡೆಯುತ್ತಿರುವಾಗ ಒಂದೊಂದನ್ನು ಕಳೆಯುತ್ತ ಹೋಗಬಾರದು. ಎಲ್ಲವನ್ನೂ ನಿಲ್ಲಿಸಿ, ಶೂನ್ಯದಿಂದ ಮೊದಲುಮಾಡಿ, ಒಂದೊಂದನ್ನೇ ಕೂಡಿಸಬೇಕು. ಸಂಕಲನವು ಹೇಳುವದನ್ನು ವ್ಯವಕಲನವು ಹೇಳಲಾರದು.

ಒಂದು ಸಂಜೆ ಏಳು ಗಂಟೆಗೆ ಹಾಗೆಯೇ ಮಾಡಿದೆವು. ರೇಡಿಯೋಕ್ಕೆ ಹೊಸ ಬ್ಯಾಟರಿ ಹಾಕಿ ಅದನ್ನು ಗೋಡೆಯ ತಂತಿಗೆ ತಗಲದಂತೆ ಪ್ರತ್ಯೇಕಿಸಿದೆ. ಪೆಟ್ಟಿಗೆಯನ್ನು ಒಂದೇ ಮಣೆಯ ಮೇಲೆ, ಒಂದೇ ದಿಕ್ಕಿಗೆ ಇರಿಸಿದ್ದಾಯಿತು. ಅದರೊಳಗಿನ ಫೆರೈಟ್ ಕಡ್ಡಿಯು ದಿಕ್ಕು ಬದಲಾದಂತೆ ಹೆಚ್ಚು ಕಡಿಮೆ ಕೇಳುವದಾದ್ದರಿಂದ ಇದು ಅವಶ್ಯ. ಬಳಿಕ ಮನೆಯ ಮೇನ್ ಸ್ವಿಚ್ಚನ್ನು ತೆಗೆಸಿದೆ. ಕತ್ತಲೆ ಕವಿಯಿತು, ಅದರೊಡನೆಯೇ ಧಾರವಾಡದ ದನಿಯು ಸ್ವಚ್ಛವಾಗಿ ಕೇಳಬಂದಿತು. ಗೋಡೆಯಾಚೆ ಗಿರಣಿಯು ಆಗ ಪೂರ್ಣ ವೇಗದಿಂದ ಬೀಸುತ್ತಿತ್ತು. ಅಳಿಯನು ಏನೂ ಅನ್ನಲಿಲ್ಲ. ಅಕ್ಕನಿಗೆ ಕತ್ತಲೆಯ ಅರಿವಿರಲಿಲ್ಲ. "ಇವತ್ತ ಚೊಲೋ ಕೇಳಸ್ತೈತೆಲ್ಲೋ ತಮ್ಮಾ" ಎಂದು ದಿಂಬಿಗೊರಗಿ ಎದ್ದು ಕುಳಿತಳು.

ಮುಂದೆ ಒಂದೊಂದೇ ಯಂತ್ರವನ್ನು ಹಚ್ಚಿಸುತ್ತ, ಮೂವತ್ತು ವರ್ಷದ ಅಭ್ಯಾಸಬಲದಿಂದ, ಪ್ರತಿಯೊಂದರ ಗದ್ದಲಕ್ಕೆ ಹತ್ತರಲ್ಲಿ ಇಷ್ಟೆಂದು ಅಂಕ ಬರೆದೆ. ಪಡಸಾಲೆಯ ಹಳೆಯ ಬಲ್ಬಿಗೆ ಒಂದಂಕ, ಟೆಲಿವಿಜನ್ನಿಗೆ ಎರಡು, ದೇವರ ಮನೆಯಲ್ಲಿ ಹೊಸದಾಗಿ ಹಾಕಿದ, ತಯಾರಕರ ಹೆಸರೇ ಇಲ್ಲದ ಎಲ್‌ಇಡಿ ಬಲ್ಬಿಗೆ ಏಳು, ಬೀದಿಬದಿಯಲ್ಲಿ ಕೊಂಡ ಚಾರ್ಜರಿಗೆ ಫೋನಿಲ್ಲದಾಗ ಒಂದೂವರೆ, ಫೋನನ್ನು ಸಿಕ್ಕಿಸಿದಾಗ ಏಳು. ಈ ಭೇದವನ್ನು ಗೃಹಸ್ಥರು ಮರೆಯಬಾರದು. ಫೋನಿಲ್ಲದ ಚಾರ್ಜರು ಅರೆನಿದ್ದೆಯಲ್ಲಿರುವದು, ಅದನ್ನು ಆ ಸ್ಥಿತಿಯಲ್ಲಿ ಪರೀಕ್ಷಿಸಿ ಬಿಟ್ಟುಬಿಟ್ಟರೆ ಕಳ್ಳನನ್ನು ಮಲಗಿದ್ದಾಗ ನೋಡಿ ಸಾಧುವೆಂದಂತೆ. ಮೊಮ್ಮಗನ ಗಣಕಯಂತ್ರಕ್ಕೆ ಐದಂಕ ಬಿದ್ದಿತು. ಅದರ ವಿಷಯವೇ ನನ್ನನ್ನು ಹೆಚ್ಚು ದಿನ ಕಾಡಿತು. ಏಕೆಂದರೆ ಅದು ಅಗ್ಗದ ವಸ್ತುವಲ್ಲ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಬೆಂಗಳೂರಿನ ಒಂದು ಪರೀಕ್ಷಾಲಯದಲ್ಲಿ ಇದೇ ಕೆಲಸ ಮಾಡುವನು. ಆ ವರ್ಷ ದೀಪಾವಳಿಯ ಬಳಿಕ ಚಾರ್ಜರನ್ನೂ ಬಲ್ಬನ್ನೂ ಚೀಲದಲ್ಲಿ ಹಾಕಿಕೊಂಡು ಅಲ್ಲಿಗೆ ಹೋದೆ. ರೇಡಿಯೋದ ಉಪದ್ರವಗಳನ್ನು ಅಳೆಯುವದಕ್ಕೂ ಮಿತಗೊಳಿಸುವದಕ್ಕೂ ಒಂದು ಅಂತರರಾಷ್ಟ್ರೀಯ ವಿಶೇಷ ಸಮಿತಿಯುಂಟು. ಅದರ ಫ್ರೆಂಚ್ ಹೆಸರಿನ ಮೊದಲಕ್ಷರಗಳಿಂದ ಸಿಸ್ಪರ್ ಎಂದು ಕರೆಯುವರು. ಅದು ಆರಂಭವಾದದ್ದು 1934ರಲ್ಲಿ, ಪ್ಯಾರಿಸ್ಸಿನಲ್ಲಿ. ಎಂದರೆ ಮೈಸೂರಿನಲ್ಲಿ ಆಕಾಶವಾಣಿಯು ಮೊಳಗುವ ಒಂದು ವರ್ಷ ಮುಂಚೆಯೇ ಈ ತಕರಾರು ಜಗತ್ತಿಗೆ ಹತ್ತಿದ್ದಿತು. ತಂತಿಯಲ್ಲಿ ಹರಿಯುವ ಗದ್ದಲವನ್ನು 150 ಕಿಲೋಹರ್ಟ್ಸಿನಿಂದ 30 ಮೆಗಾಹರ್ಟ್ಸಿನ ವರೆಗೆ ಅಳೆಯುವದು ವಾಡಿಕೆ.

ಅಳೆಯುವ ಮೇಜಿನ ಮೇಲೆ ನನಗೆ ಮೊದಲು ತೋರಿಸಿದ್ದು ಒಂದು ದಪ್ಪನೆಯ ಪೆಟ್ಟಿಗೆ. ಹಿಂದೆ ಊರೂರಿನ ಸೇರು ಬೇರೆಯಾಗಿದ್ದಂತೆ ಮನೆಮನೆಯ ತಂತಿಯ ಸ್ವಭಾವವೂ ಬೇರೆ; ಒಂದೇ ಚಾರ್ಜರು ಒಂದು ಮನೆಯಲ್ಲಿ ಹೆಚ್ಚು, ಇನ್ನೊಂದರಲ್ಲಿ ಕಡಿಮೆ ಗದ್ದಲವನ್ನು ತೋರಿಸುವದು. ಈ ಪೆಟ್ಟಿಗೆಯು ಎಲ್ಲ ಕಡೆಗೂ ಒಂದೇ ಸೇರನ್ನು ಒದಗಿಸುವದು. ಅದನ್ನು ಗೋಡೆಯ ವಿದ್ಯುತ್ತಿಗೂ ಯಂತ್ರಕ್ಕೂ ನಡುವೆ ಇಡುವರು. 50 ಕಂಪನಗಳ ವಿದ್ಯುತ್ತನ್ನು ಅದು ಸರಾಗವಾಗಿ ಬಿಡುವದು. ಹೊರಗಿನ ಗದ್ದಲವನ್ನು ಒಳಗೆ ಬರಗೊಡದು. ಯಂತ್ರದಿಂದ ಹೊರಟ ಗದ್ದಲವನ್ನು ಮಾತ್ರ ಕೆರೆಯ ತೂಬಿನಂತೆ ಬದಿಗೆ ತಿರುಗಿಸಿ 50 ಓಮಿನ ಒಂದು ನಿಶ್ಚಿತವಾದ ತಡೆಯ ಮೇಲೆ ಅಳತೆಯ ಯಂತ್ರಕ್ಕೆ ಒಪ್ಪಿಸುವದು. ಧಾರವಾಡದ 765ರ ಸ್ಥಾನದಲ್ಲಿ ಗೃಹೋಪಯೋಗಿ ವಸ್ತುಗಳಿಗೆ ಹಾಕಿದ ಮಿತಿಯು ಸುಮಾರು 630 ಮೈಕ್ರೋವೋಲ್ಟು. 230 ವೋಲ್ಟಿಗೆ ಹೋಲಿಸಿದರೆ ಮೂರೂವರೆ ಲಕ್ಷದಲ್ಲೊಂದು ಪಾಲಿಗಿಂತಲೂ ಕಡಿಮೆ! ಇಷ್ಟು ಸೂಕ್ಷ್ಮವೇಕೆಂದು ಕೇಳಿದೆ. ದೂರದ ನಿಲಯದಿಂದ ಪೆಟ್ಟಿಗೆಗೆ ಬಂದು ಮುಟ್ಟುವದು ಅದಕ್ಕಿಂತ ಸೂಕ್ಷ್ಮವಾದದ್ದರಿಂದ ಎಂಬದು ಉತ್ತರ.

ಆ ಅಳತೆಯ ಯಂತ್ರದ ಒಂದು ಗುಣವು ನನಗೆ ಬಹಳ ಹಿಡಿಸಿತು. ಅದು ಗದ್ದಲದ ಎತ್ತರವನ್ನಷ್ಟೇ ನೋಡದು. ಅದು ಎಷ್ಟು ಸಲ ಮರುಕಳಿಸುವದೆಂಬದನ್ನೂ ಗಣನೆಗೆ ಹಿಡಿಯುವದು. ಅಪರೂಪಕ್ಕೊಮ್ಮೆ ಬರುವ ಟಕ್ಕಿಗೆ ಕಡಿಮೆ ಅಂಕ, ಎಡೆಬಿಡದೆ ಬರುವದಕ್ಕೆ ಹೆಚ್ಚು. ರೇಡಿಯೋ ಕೇಳುತ್ತ ಕುಳಿತ ಮನುಷ್ಯನ ಕಿವಿಗೆ ಆಗುವ ಕಿರುಕುಳವನ್ನೇ ಅನುಸರಿಸಿ ಆ ಅಳತೆಯನ್ನು ಕಟ್ಟಿದರಂತೆ.

ನಮ್ಮ ಚಾರ್ಜರನ್ನು ಹಚ್ಚಿದೊಡನೆ ಪರದೆಯ ಮೇಲಿನ ಹಸಿರು ಗೆರೆಯು ಮಿತಿಯ ಕೆಂಪು ಗೆರೆಯನ್ನು ಅಲ್ಲಲ್ಲಿ ದಾಟಿ ನಿಂತಿತು. "ಮಿತಿ ಮೀರಿತು ಅನ್ನೋದು ತಿಳೀತು ಸರ್, ಯಾವ ದಾರೀಲೆ ಹೊರಗ ಬರ್ತದ ಅನ್ನೋದು ತಿಳೀಬೇಕು" ಎಂದು ವಿದ್ಯಾರ್ಥಿಯು ಗುರುವಿಗೆ ಪಾಠ ಹೇಳಿದನು. ಗದ್ದಲಕ್ಕೆ ದಾರಿಗಳು ಎರಡು. ಮಜ್ಜಿಗೆ ಕಡೆಯುವ ಹಗ್ಗದಲ್ಲಿ ಒಂದು ತುದಿ ಮುಂದೆ ಬಂದಾಗ ಇನ್ನೊಂದು ಹಿಂದೆ ಹೋಗುವದು. ಅದರಂತೆ ಒಂದು ತಂತಿಯಲ್ಲಿ ಹೊರಟು ಇನ್ನೊಂದರಲ್ಲಿ ಮರಳುವದು ಒಂದು ದಾರಿ. ನೊಗಕ್ಕೆ ಹೂಡಿದ ಜೋಡೆತ್ತುಗಳು ಒಂದೇ ದಿಕ್ಕಿಗೆ ನಡೆಯುವಂತೆ ಎರಡೂ ತಂತಿಗಳಲ್ಲಿ ಒಟ್ಟಿಗೆ ಹೊರಟು, ನೆಲದ ಮೂಲಕ ಮರಳುವದು ಇನ್ನೊಂದು. ಇವನ್ನು ಬೇರ್ಪಡಿಸುವ ಉಪಾಯವು ಸರಳವಾದದ್ದು. ಎರಡೂ ತಂತಿಗಳನ್ನು ಕೂಡಿಸಿ ಒಂದು ಅಳತೆಯ ಬಳೆಯೊಳಗಿಂದ ಹಾಯಿಸಿದರೆ ಹಗ್ಗದ ಬಗೆಯದು ಒಂದನ್ನೊಂದು ಕಳೆದು ಸೊನ್ನೆಯಾಗಿ, ಎತ್ತಿನ ಬಗೆಯದು ಮಾತ್ರ ಕಾಣುವದು; ಒಂದು ತಂತಿಯನ್ನು ತಿರುವಿ ಹಾಯಿಸಿದರೆ ಅದು ಅಡಗಿ ಇದು ಕಾಣುವದು.

ಇಷ್ಟು ವಿಚಾರ ಏಕೆಂದರೆ ಎರಡಕ್ಕೂ ಔಷಧ ಬೇರೆ. ಮೊದಲನೆಯದಕ್ಕೆ ಎರಡು ತಂತಿಗಳ ನಡುವೆ ಒಂದು ಕೆಪ್ಯಾಸಿಟರು ಬೇಕು. ಎರಡನೆಯದಕ್ಕೆ ಎರಡೂ ತಂತಿಗಳನ್ನು ಒಂದೇ ಬಳೆಗೆ ಸುತ್ತಿದ ಸುರುಳಿ ಬೇಕು. ತಂತಿಯಿಂದ ನೆಲಕ್ಕೆ ಚಿಕ್ಕ ಕೆಪ್ಯಾಸಿಟರುಗಳು ಬೇಕು. ವಾತಕ್ಕೆ ಪಿತ್ತದ ಗುಳಿಗೆ ಕೊಟ್ಟರೆ ಗುಣವಾದೀತೇ? ನಿದಾನವು ಮೊದಲು, ಚಿಕಿತ್ಸೆ ಆಮೇಲೆ ಎಂದು ವೈದ್ಯಶಾಸ್ತ್ರವು ಸುಮ್ಮನೆ ಹೇಳಿಲ್ಲ. ವಯಸ್ಸಾದ ಯಂತ್ರದಲ್ಲಿ ಮೊದಲ ಬಗೆಯ ಗದ್ದಲವು ತಾನಾಗಿ ಬೆಳೆಯುವದೂ ಉಂಟು. ಒಳಗಿನ ದೊಡ್ಡ ಕೆಪ್ಯಾಸಿಟರಿನ ರಸವು ಕಾವಿಗೆ ಒಣಗುತ್ತ ಬಂದಂತೆ ಅದು ಗದ್ದಲವನ್ನು ನುಂಗುವ ಶಕ್ತಿಯನ್ನು ಕಳೆದುಕೊಳ್ಳುವದು.

ನಮ್ಮ ಚಾರ್ಜರಿನದು ಬಹುಪಾಲು ಎತ್ತಿನ ಬಗೆಯದಾಗಿದ್ದಿತು. ಅದನ್ನು ಒಡೆದು ತೋರಿಸಿದಾಗ ಕಂಡದ್ದು ಇದು: ಒಳಗಿನ ಹಲಗೆಯ ಮೇಲೆ ಸುರುಳಿಯನ್ನು ಕೂರಿಸುವ ಜಾಗವನ್ನು ಗುರುತು ಹಾಕಿ ಅಚ್ಚುಮಾಡಿದ್ದರು, ಸುರುಳಿ ಮಾತ್ರ ಇರಲಿಲ್ಲ, ಅದರ ಬದಲು ಒಂದು ಬರಿಯ ತಂತಿಯ ತುಂಡನ್ನು ಬೆಸೆದು ಬಿಟ್ಟಿದ್ದರು. ಯಂತ್ರವನ್ನು ಚಿತ್ರಿಸಿದವನಿಗೆ ಧರ್ಮ ಗೊತ್ತಿದ್ದಿತು; ಮಾರಿದವನು ಕೆಲವು ರೂಪಾಯಿ ಉಳಿಸಿಕೊಂಡನು. ಆ ಕೆಲವು ರೂಪಾಯಿಗಳ ದೆಸೆಯಿಂದ ಅಡರಕಟ್ಟಿಯಲ್ಲಿ ಒಬ್ಬ ಮುದುಕಿಯು ಗೋಡೆಗೆ ಮುಖಮಾಡಿ ಮಲಗಿದ್ದಳು. ಅದು ಅವನಿಗೆ ತಿಳಿಯುವ ಬಗೆಯಿಲ್ಲ. (ವಾಚಕರು ಇಂಥವನ್ನು ಮನೆಯಲ್ಲಿ ಒಡೆದು ನೋಡಬಾರದು, ಗೋಡೆಯಿಂದ ಕಿತ್ತ ಮೇಲೆಯೂ ಒಳಗೆ ಆಘಾತ ಕೊಡುವಷ್ಟು ವಿದ್ಯುತ್ತು ಉಳಿದಿರುವದು.)

ಗಣಕಯಂತ್ರದ ಸಂಗತಿ ಬೇರೆ. ಅದರಲ್ಲಿ ಸುರುಳಿಯೂ ಇತ್ತು, ಕೆಪ್ಯಾಸಿಟರೂ ಇತ್ತು, ಆದರೂ ಗದ್ದಲ. ಇದು ಬಿಡಿಸಿದ್ದು ಊರಿಗೆ ಮರಳಿದ ಮೇಲೆ, ಪಾಠಶಾಲೆಯ ಹೊಗೆಯ ದೃಷ್ಟಾಂತದಿಂದ. ಹೊಗೆಯಿದ್ದಲ್ಲಿ ಬೆಂಕಿಯುಂಟು, ಆದರೆ ಬೆಂಕಿಯಿದ್ದಲ್ಲೆಲ್ಲ ಹೊಗೆಯಿಲ್ಲ, ಹಸಿ ಕಟ್ಟಿಗೆ ಕೂಡಿದಲ್ಲಿ ಮಾತ್ರ. ಆ ಹಸಿ ಕಟ್ಟಿಗೆಗೆ ಉಪಾಧಿಯೆಂದು ಹೆಸರು. ಇಲ್ಲಿಯ ಉಪಾಧಿ ಯಾವದು? ಮೂರು ಕಡ್ಡಿಯ ಪ್ಲಗ್ಗಿನ ದಪ್ಪ ಕಡ್ಡಿಯು ನೆಲಕ್ಕೆ ಹೋಗಬೇಕಾದದ್ದು. ಗದ್ದಲವನ್ನು ನೆಲಕ್ಕೆ ಇಳಿಸುವ ಕೆಪ್ಯಾಸಿಟರುಗಳು ತಮ್ಮ ಕೆಲಸಕ್ಕೆ ಸಿದ್ಧವಾಗಿದ್ದವು; ಆದರೆ ನೆಲವೇ ಅವಕ್ಕೆ ಸಿಕ್ಕಿರಲಿಲ್ಲ. ಗಣಕಯಂತ್ರದ ಲೋಹದ ಮೈಯನ್ನು ಮುಟ್ಟಿದರೆ ಬೆರಳು ಜುಮ್ಮೆನ್ನುತ್ತದೆಂದು ಮೊಮ್ಮಗನು ಎಂದೋ ಹೇಳಿದ್ದನು. ಅದೂ ಇದರದೇ ಕುರುಹು. ಹಿತ್ತಲಲ್ಲಿಯ ಭೂಸಂಪರ್ಕದ ಗುಂಡಿಯನ್ನು ಅಗೆಸಿದಾಗ ತಂತಿಯು ತುಕ್ಕು ತಿಂದು ತುಂಡಾಗಿದ್ದಿತು. ಬೇಸಿಗೆಯಲ್ಲಿ ಬಿರಿದು ಬಾಯಿಬಿಡುವ ನಮ್ಮ ಎರಿಮಣ್ಣಿನಲ್ಲಿ ಆ ಗುಂಡಿಗೆ ಆಗಾಗ ನೀರು ಹಾಕದಿದ್ದರೆ ಸಂಪರ್ಕವಿದ್ದೂ ಇಲ್ಲದಂತೆ. ಹೊಸ ತಂತಿ ಹಾಕಿಸಿ, ಇದ್ದಿಲು ಉಪ್ಪು ತುಂಬಿಸಿ, ನಾಲ್ಕು ಕೊಡ ನೀರು ಹೊಯ್ದ ದಿನ ಗಣಕಯಂತ್ರವು ಐದಂಕದಿಂದ ಒಂದಕ್ಕೆ ಇಳಿಯಿತು.

ಬಲ್ಬನ್ನೂ ಚಾರ್ಜರನ್ನೂ ಬದಲಿಸಿದೆವು. ಕೊಳ್ಳುವವರಿಗೆ ಒಂದು ಮಾತು. ಚಾರ್ಜರು ಬಲ್ಬುಗಳ ಮೇಲೆ ನಮ್ಮ ದೇಶದಲ್ಲಿ ಕಡ್ಡಾಯವಾಗಿರುವ ನೋಂದಣಿಯ ಗುರುತು ಮುಖ್ಯವಾಗಿ ಬೆಂಕಿ, ಆಘಾತ ಇವುಗಳಿಂದ ರಕ್ಷಣೆಯ ಪರೀಕ್ಷೆಯದು. ಗುರುತಿದ್ದರೆ ಗದ್ದಲವಿಲ್ಲವೆಂದು ಅರ್ಥವಲ್ಲ. ಆದರೆ ಅದನ್ನೂ ಹಾಕದವನು ಸುರುಳಿಯನ್ನು ಹಾಕಿಯಾನೆಂದು ನಂಬುವದು ಕಷ್ಟ. ಚಾರ್ಜಿಗೆ ಹಚ್ಚಿದಾಗ ಫೋನಿನ ಪರದೆಯು ಬೆರಳಿನ ಮಾತು ಕೇಳದೆ ತಾನೇ ಅತ್ತಿತ್ತ ಕುಣಿಯಹತ್ತಿದರೆ ಆ ಚಾರ್ಜರನ್ನು ಸಂಶಯಿಸಬೇಕು. ರೇಡಿಯೋ ಇಲ್ಲದವರ ಮನೆಯಲ್ಲಿಯೂ ತಂತಿಗದ್ದಲವು ತನ್ನನ್ನು ತೋರಿಸಿಕೊಳ್ಳುವ ಬಗೆ ಅದು. ಇನ್ನು ತಂತಿಗೆ ಚಿಮುಟಿಸುವ ಫೆರೈಟ್ ಮಣಿಯನ್ನು ಅಳಿಯನು ತರಿಸಿದ್ದನು. ಒಂದೇ ಸಲ ಹಾಯ್ದ ತಂತಿಗೆ ಅದು ಧಾರವಾಡದಂಥ ಕೆಳಗಿನ ಸ್ಥಾನದಲ್ಲಿ ಏನೂ ಮಾಡಲಾರದು. ದೊಡ್ಡ ಬಳೆಯನ್ನು ತಂದು ತಂತಿಯನ್ನು ಒಂಬತ್ತು ಸುತ್ತು ಸುತ್ತಿದರೆ ಫಲ ಒಂಬತ್ತರಷ್ಟಲ್ಲ, ಒಂಬತ್ತೊಂಬತ್ತಲ ಎಂಬತ್ತೊಂದರಷ್ಟು. ಟೆಲಿವಿಜನ್ನಿನ ತಂತಿಗೆ ಹಾಗೆ ಮಾಡಿದೆವು.

ಗಿರಣಿಯ ಮನೆಗೆ ಅಳಿಯನು ತಾನೇ ಹೋದನು. ಅಲ್ಲಿ ಏನು ಮಾತಾಯಿತೋ ನಾನು ಕೇಳಲಿಲ್ಲ. ಮರುದಿನ ಜೋಳದ ಚೀಲವು ಗೋಡೆಯಾಚೆಗೆ ಹೋದದ್ದನ್ನು ಕಂಡೆ. ಅದಾಗಿ ಬಹಳ ದಿನಗಳ ಮೇಲೆ, ಮುಂಗಾರಿನ ಆರಂಭದಲ್ಲಿ, ಗಿರಣಿಯ ಯಜಮಾನನು ನಮ್ಮ ಬಾಗಿಲಿಗೆ ಬಂದನು. ಮೋಟಾರಿನ ವೇಗವನ್ನು ಹದಗೊಳಿಸುವ ಹೊಸ ಯಂತ್ರವನ್ನು ಅವನು ತರಿಸಿದ್ದನು. ಅದೂ ವಿದ್ಯುತ್ತನ್ನು ಕತ್ತರಿಸುವ ಜಾತಿಯದೇ. ಚಾರ್ಜರಿನ ಅಣ್ಣ, ಬಲದಲ್ಲಿ ನೂರ್ಮಡಿ. ಈ ಸಲ ಗುಮಾನಿಗೆ ನಿಜವಾದ ಆಧಾರವಿದ್ದಿತು. "ಮಾಸ್ತರ್ರ, ಹೊಸಾ ಮಷಿನ್ ಚಾಲೂ ಮಾಡೂಕಿಂತ ಮೊದಲ ನಿಮ್ಮ ರೇಡಿಯೋ ತಗೊಂಡು ಬರ್ರಿ. ಆಮ್ಯಾಲ ಅಕ್ಕಾರಿಗೆ ತ್ರಾಸಾಗೂದು ಬ್ಯಾಡ" ಎಂದನು.

ಅಕ್ಕನನ್ನೇ ಕೈಹಿಡಿದು ಕರೆದೊಯ್ದೆವು. ನನ್ನ ಕಿವಿಗಿಂತ ಅವಳ ಕಿವಿ ಮೇಲು. ಪೆಟ್ಟಿಗೆಯನ್ನು ಮಣೆಯ ಮೇಲಿಟ್ಟು ಧಾರವಾಡವನ್ನು ಹಿಡಿದೆವು. ಯಂತ್ರವನ್ನು ಚಾಲೂ ಮಾಡಿದಾಗ ಅಕ್ಕ ಎಂಟಂಕ ಕೊಟ್ಟಳು. ಯಂತ್ರದಿಂದ ಮೋಟಾರಿಗೆ ಹೋಗುವ ಉದ್ದನೆಯ ತಂತಿಯನ್ನು ಗಿಡ್ಡ ಮಾಡಿ, ಲೋಹದ ಹೊದಿಕೆಯುಳ್ಳದ್ದನ್ನು ಹಾಕಿಸಿ, ಗಿರಣಿಗೂ ಹೊಸ ಭೂಸಂಪರ್ಕದ ಗುಂಡಿಯನ್ನು ತೋಡಿಸಿ, ಮುಂದುಗಡೆ ಗದ್ದಲ ಸೋಸುವ ಪೆಟ್ಟಿಗೆಯನ್ನು ಕೂರಿಸಲು ಎರಡು ವಾರ ಹಿಡಿದವು. ಎರಡನೆಯ ಸಲದ ಪರೀಕ್ಷೆಯಲ್ಲಿ ಒಂದಂಕ ಮಾತ್ರ ಉಳಿಯಿತು. ಯಜಮಾನನಿಗೆ ಅದೂ ಸಮಾಧಾನವಾಗಲಿಲ್ಲ. ಗಿರಣಿಯನ್ನು ನಿಲ್ಲಿಸಿ, ಮೇನ್ ಸ್ವಿಚ್ಚನ್ನೂ ತೆಗೆದು ಮತ್ತೊಮ್ಮೆ ಕೇಳಿರೆಂದನು. ಆ ಒಂದಂಕವು ಹೋಗಲಿಲ್ಲ. ಪಡುವಲ ದಿಕ್ಕಿನಲ್ಲಿ, ದೂರದಲ್ಲಿ, ಮಳೆಯ ಮೋಡ ಮಿಂಚುತ್ತಿತ್ತು.